ಟೈಲರು ಅಳೆದ ತಲೆ

ಹೆಂಡತಿ: ಊಟದ ಮೇಜಿನ ಮೇಲಿಂದ ಅದನ್ನ ತೆಗೀತೀರೋ ಇಲ್ಲವೋ?

ಟೈಲರ್: ಮುಟ್ಟಬೇಡ ಕಣೆ. ಮ್ಯೂಸಿಯಂ ಸ್ವತ್ತು ಅದು.

ಹೆಂಡತಿ: ಮ್ಯೂಸಿಯಂ ಸ್ವತ್ತು ಮ್ಯೂಸಿಯಂನಲ್ಲಿರಲಿ. ಅದು ಬಂದಾಗಿಂದ ನಾನು ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ತಾ ಇದೀನಿ.

ಟೈಲರ್: ಒಬ್ಬ ವೀರನ ತಲೆ ಕಾಯ್ದ ಟೋಪಿ ಅದು. ಅದರ ಪಕ್ಕ ಕೂತು ಉಣ್ಣೋ ಭಾಗ್ಯ ಎಷ್ಟು ಜನಕ್ಕಿದೆ ಹೇಳು?

ಹೆಂಡತಿ: ನಿಮ್ಮ ಪಕ್ಕ ಕೂತು ಉಣ್ಣೋ ಭಾಗ್ಯಾನೇ ನನಗೆ ಹೊಟ್ಟೆ ತುಂಬಾ ಆಗಿದೆ.

ಮೇಜಿನ ಮೇಲೆ, ಅಸ್ತರಿನ ಬಟ್ಟೆಯಲ್ಲಿ ಕೂಸಿನಂತೆ ಸುತ್ತಿಕೊಂಡು ಕೂತಿದ್ದದ್ದು ಹಳೆಯ ಯುದ್ಧಕಾಲದ ಒಂದು ಉಕ್ಕಿನ ಹೆಲ್ಮೆಟ್ಟು. ಮ್ಯೂಸಿಯಂನವರು ಅದನ್ನು ಟೈಲರಿಗೆ ಕೊಟ್ಟದ್ದು ಒಂದೇ ಕೆಲಸಕ್ಕೆ: ಗದ್ದದ ಕೆಳಗೆ ಕಟ್ಟುವ ಪಟ್ಟಿ ಕಿತ್ತುಹೋಗಿತ್ತು, ಅದನ್ನು ಹೊಲಿಯಬೇಕಿತ್ತು. ಆದರೆ ಕೂರಲು ಜಾಗ ಕೊಟ್ಟರೆ ಮಲಗಲು ದಿಂಬು ಕೇಳುವ ಜಾಯಮಾನ ಟೈಲರದ್ದು. 'ಗುಜರಿಯವನ ಹತ್ತಿರ ಸಿಕ್ಕಿತು, ಯಾರದ್ದೆಂದು ಗೊತ್ತಿಲ್ಲ' ಎಂದು ಅಧಿಕಾರಿ ನಿಟ್ಟುಸಿರು ಬಿಟ್ಟದ್ದೇ ತಡ, ಇವರು ಕೊರಳಿನ ಟೇಪನ್ನು ನೇವರಿಸಿಕೊಂಡು, 'ತಲೆ ಯಾರದ್ದು ಅಂತ ನಾನು ಹೇಳ್ತೀನಿ ಬಿಡಿ ಸರ್, ಅಳತೆ ಸುಳ್ಳು ಹೇಳಲ್ಲ' ಅಂದುಬಿಟ್ಟಿದ್ದರು. ಅಧಿಕಾರಿ ಸಂಜೆ ಬರುವವರಿದ್ದರು. ತಲೆ ಯಾರದ್ದೆಂದು ಗೊತ್ತಾಗಿರಲಿಲ್ಲ. ಪಟ್ಟಿಯೂ ಹೊಲಿದಾಗಿರಲಿಲ್ಲ, ಆ ಚರ್ಮಕ್ಕೆ ಚುಚ್ಚಿದ ಸೂಜಿಗಳೆಲ್ಲ ಮುರಿದು, ಹೆಬ್ಬೆರಳಿಗೆ ಮಾತ್ರ ಒಳ್ಳೆಯ ಹೊಲಿಗೆ ಬಿದ್ದಿತ್ತು.

ಟೈಲರು ಕತ್ತರಿ ಹುಡುಕಲು ಆ ಕಡೆ ತಿರುಗಿದರು. ಈ ಕಡೆ ಹೆಂಡತಿ ಹೆಲ್ಮೆಟ್ಟಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಆಮೇಲೆ ಅವಳು ಮಾತಾಡಲಿಲ್ಲ. ಟೈಲರಿಗೆ ಖುಷಿಯಾಯಿತು. ಮದುವೆಯಾದಾಗಿನಿಂದ ಅವಳನ್ನು ಇಷ್ಟು ಹೊತ್ತು ಸುಮ್ಮನಿರಿಸಿದ ವಸ್ತು ಇದೊಂದೇ.

ಟೈಲರ್: ನೋಡಿದ್ಯಾ? ಮಾತೇ ಹೊರಡಲ್ಲ. ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಬರೆದಿದ್ದಾನಲ್ಲ, ಅದು ಹದ್ದು.

ಹೆಂಡತಿ: ಹದ್ದಾ?

ಟೈಲರ್: ಹದ್ದೇ. ಎರಗೋಕೆ ಹೊರಟಿದೆ. ಕಾಲಲ್ಲಿ ನೋಡು, ದುಂಡಗೆ. ಬಾಂಬು.

ಹೆಂಡತಿ: ಹದ್ದಿನ ಕೊಕ್ಕು ಇಷ್ಟು ಚಪ್ಪಟೆ ಇರತ್ತಾ?

ಟೈಲರ್: ಯುದ್ಧದಲ್ಲಿ ಕೂತು ಬರೆದದ್ದು ಕಣೆ. ಮೇಲೆ ಗುಂಡು ಹಾರ್ತಾ ಇರುವಾಗ ಕೊಕ್ಕು ಸ್ವಲ್ಪ ಆಚೀಚೆ ಆಗತ್ತೆ.

ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಒಳಗೆ ಕೈ ಹಾಕಿ, ತಲೆಗೆ ತಾಗುವ ಚರ್ಮದ ಪಟ್ಟಿಯನ್ನು ಬೆರಳಿನಿಂದ ಸುತ್ತಲೂ ಸವರಿದಳು. ಎಡಗಡೆ ಬೆರಳು ನಿಂತಿತು.

ಹೆಂಡತಿ: ಇಲ್ಲೊಂದು ಮೆತ್ತೆ ಹಾಕಿದ್ದಾರೆ.

ಟೈಲರ್: ಶಹಭಾಸ್. ಅದೇ ನನ್ನ ದೊಡ್ಡ ಪುರಾವೆ. ಎಡಗಡೆ ತಲೆ ಒಂಚೂರು ತಗ್ಗು. ಯಾಕೆ ಗೊತ್ತಾ? ಬುದ್ಧಿಯೆಲ್ಲ ಬಲಗಡೆ ಪೇರಿಸಿಕೊಂಡಿದೆ. ಅದು ನಾಯಕರ ತಲೆ. ಸಾವಿರಾರು ಜನಕ್ಕೆ ಅಳತೆ ತಗೊಂಡಿದೀನಿ, ಇಂಥ ತಲೆ ನೋಡಿಲ್ಲ.

ಹೆಂಡತಿ: ನೋಡೇ ಇಲ್ವಾ? ನಮ್ಮ ಮದುವೇಲಿ ಅಪ್ಪನಿಗೆ ನೀವೊಂದು ಟೋಪಿ ಹೊಲಿದಿದ್ರಲ್ಲ.

ಟೈಲರ್: ಅದ್ಯಾಕೆ ಈಗ? ಅದು ಓರೆಯಾಗಿ ಕೂತದ್ದು ನನ್ನ ತಪ್ಪಲ್ಲ. ನಿಮ್ಮಪ್ಪನ ತಲೆ ಸರಿ ಇರಲಿಲ್ಲ.

ಎಣ್ಣೆಗೆ ಬಿದ್ದ ನೀರಿನ ಹಾಗೆ ಸಿಡಿಯಬೇಕಾಗಿದ್ದವಳು ಮುಗುಳ್ನಕ್ಕಳು. 'ಟೀ ಕುಡೀತೀರಾ?' ಎಂದಳು. ಬುದ್ಧಿವಂತ ಗಂಡನಾಗಿದ್ದರೆ ಅಲ್ಲೇ ಬಾಯಿಗೆ ಗುಂಡಿ ಹಾಕಿಕೊಳ್ಳುತ್ತಿದ್ದ. ಟೈಲರು ಕುರ್ಚಿ ಎಳೆದುಕೊಂಡು ಕೂತರು.

ಹೆಂಡತಿ: ಹಾಗಾದ್ರೆ ಇವರು ನಿಜವಾಗ್ಲೂ ಮುಂಚೂಣಿಗೆ ಹೋಗಿದ್ದೋರೇ ಅಂತೀರಿ.

ಟೈಲರ್: ಅದರಲ್ಲೇನು ಅನುಮಾನ? ಹಿಂದುಗಡೆ ತಗ್ಗು ನೋಡು. ಗುಂಡೇಟು.

ಹೆಂಡತಿ: ಉಗ್ರಾಣದಲ್ಲಿ ಕಂಬಳಿ ಎಣಿಸ್ತಾ ಕೂತಿದ್ದೋರು ಆಗಿರಲಾರರು?

ಟೈಲರ್: ಆ ಕೆಲಸಕ್ಕೆ ನಿಮ್ಮಪ್ಪ ಇದ್ದರಲ್ಲ. ಬೆವರು ಕುಡಿದು ಕುಡಿದು ಈ ಚರ್ಮ ಕಪ್ಪಾಗಿದೆ. ಕಂಬಳಿ ಎಣಿಸೋರಿಗೆ ಎಲ್ಲಿಯ ಬೆವರು, ಬೆಚ್ಚಗೆ ನಿದ್ದೆ ಬರತ್ತೆ ಅಷ್ಟೆ.

ಮಾವನವರ ಯುದ್ಧ ಟೈಲರ ಬಾಯಲ್ಲಿ ನೆಂಟರಿಷ್ಟರ ಮುಂದೆಲ್ಲ ತೊಳೆದು ಒಣಹಾಕಿದ ವಿಷಯ. 'ನಮ್ಮ ಮಾವ ಕಂಬಳಿ ಹೊದ್ದೇ ವೈರಿಗಳನ್ನ ಓಡಿಸಿದರು' ಎಂದು ಇವರು ಶುರು ಮಾಡಿದರೆ ಮದುವೆ ಮನೆಯ ಪಂಕ್ತಿಯೆಲ್ಲ ನಗುತ್ತಿತ್ತು. ಮಾವನವರೂ ನಗುತ್ತಿದ್ದರು. ಆ ನಗು ಓರೆ ಟೋಪಿಯ ಹಾಗೆ ಅವರ ಮುಖಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಅದು ಟೈಲರ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಮಾವನವರು ತೀರಿಕೊಂಡು ವರ್ಷಗಳಾಗಿದ್ದವು. ಹೆಂಡತಿಯ ತಮ್ಮ ಮನೆ ಖಾಲಿ ಮಾಡುವಾಗ ಅವರ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದ.

ಹೆಂಡತಿ: ಮೆತ್ತೆ ಹೊಲಿದಿರೋ ಕೈ ಹೇಗಿದೆ?

ಟೈಲರ್: ಅಬ್ಬ, ಆ ಕೈಗೆ ನಾನು ಕೈ ಮುಗೀತೀನಿ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಒಂದು ಗಂಟು. ಜನ್ಮದಲ್ಲಿ ಬಿಚ್ಚಲ್ಲ. ಎಂಥ ಶಿಸ್ತು. ನನ್ನ ಅಂಗಡಿಗೆ ಬಂದಿದ್ದರೆ ಗದ್ದುಗೆ ಹಾಕಿ ಕೂರಿಸ್ತಿದ್ದೆ.

ಹೆಂಡತಿ: ಈ ಮಾತನ್ನ ಮ್ಯೂಸಿಯಂನವರ ಮುಂದೆಯೂ ಹೇಳ್ತೀರಾ?

ಟೈಲರ್: ಯಾರ ಮುಂದೆ ಬೇಕಾದ್ರೂ.

ಬಾಗಿಲು ತಟ್ಟಿದ ಸದ್ದಾಯಿತು. ಮ್ಯೂಸಿಯಂ ಅಧಿಕಾರಿ ಮೆತ್ತನೆಯ ಮನುಷ್ಯ. ಪರರ ವಸ್ತುಗಳ ನಡುವೆ ನಡೆದು ನಡೆದು, ಮನೆಯೊಳಗೂ ಏನೋ ಒಡೆದೀತೆಂಬಂತೆ ಕಾಲಿಡುತ್ತಿದ್ದರು.

ಅಧಿಕಾರಿ: ಪಟ್ಟಿ ಹೊಲಿದು ಆಯ್ತಾ ಟೈಲರೇ?

ಟೈಲರ್: ಪಟ್ಟಿ ಇರಲಿ ಸರ್. ಮೊದಲು ಮನುಷ್ಯ ಯಾರು ಅಂತ ಕೇಳಿ.

ಹದ್ದು, ಬಾಂಬು, ಬಲಗಡೆಯ ಬುದ್ಧಿ, ಬೆವರು, ಗುಂಡೇಟು, ಹೊಲಿಗೆಯ ಶಿಸ್ತು ಎಲ್ಲವನ್ನೂ ಟೈಲರು ಒಂದೇ ಉಸಿರಿಗೆ ಹೊಲಿದು ಕೊಟ್ಟರು. ಅಧಿಕಾರಿಯ ಕಣ್ಣರಳಿತು.

ಅಧಿಕಾರಿ: ಹೆಸರು?

ಟೈಲರ್: ಹೆಸರು... ಹೆಸರೊಂದು ಬಿಟ್ಟು ಎಲ್ಲ ಗೊತ್ತಾಗಿದೆ.

ಹೆಂಡತಿ: ಹೆಸರು ನಾನು ಹೇಳ್ತೀನಿ. ಅದಕ್ಕೆ ಮುಂಚೆ, ರೀ, ನಿಮ್ಮ ಅಂಗಿ ಎರಡನೇ ಗುಂಡಿ ತೋರಿಸಿ.

ಟೈಲರ್: ಮನೆಗೆ ಬಂದವರ ಮುಂದೆ ಅದೇನೇ?

ಅವಳು ಆಗಲೇ ಅಂಗಿಯ ಅಂಚನ್ನು ಹಿಡಿದು ಒಳಮಗ್ಗುಲು ಹೊರಳಿಸಿದ್ದಳು. ಹೊಲಿದವಳು ಅವಳೇ. ಟೈಲರ ಮನೆಯಲ್ಲಿ ಟೈಲರ ಗುಂಡಿ ಹಾಕಲು ಟೈಲರಿಗೆ ಯಾವತ್ತೂ ಪುರುಸೊತ್ತಿರಲಿಲ್ಲ. 'ನಿನ್ನ ಗುಂಡಿ ಬೇಲಿ ಗೂಟ ಇದ್ದ ಹಾಗೆ, ಅಂಗಿ ಹರಿದ್ರೂ ಅದು ಬೀಳಲ್ಲ' ಎಂದು ಅವರು ಆಡಿಕೊಳ್ಳುತ್ತಿದ್ದ ಹೊಲಿಗೆ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಒಂದು ಗಂಟು.

ಟೈಲರು ಗುಂಡಿ ನೋಡಿದರು. ಹೆಲ್ಮೆಟ್ಟಿನ ಒಳಗೆ ನೋಡಿದರು. ಮತ್ತೆ ಗುಂಡಿ ನೋಡಿದರು.

ಟೈಲರ್: ಈ ಹೊಲಿಗೆ ನಿನಗೆ ಕಲಿಸಿದ್ದು...

ಹೆಂಡತಿ: ಅಪ್ಪ. ಇನ್ನು ಆ ಹದ್ದು. ಅದು ಬಾತುಕೋಳಿ. ಬಾಂಬಲ್ಲ ಕಾಲಲ್ಲಿರೋದು, ಚಕ್ರ. ನಾನು ಚಿಕ್ಕವಳಾಗಿದ್ದಾಗ ದಾರ ಕಟ್ಟಿ ಎಳೀತಿದ್ದ ಮರದ ಬಾತುಕೋಳಿ. ಅಪ್ಪ ಹೊರಡೋ ದಿನ ಅದನ್ನೂ ಕರ್ಕೊಂಡು ಹೋಗು ಅಂತ ಅತ್ತಿದ್ದೆನಂತೆ. ಕರ್ಕೊಂಡು ಹೋಗಿದ್ದಾರೆ, ನೋಡಿ.

ಟೈಲರ ಬಾಯಲ್ಲಿ ಸೂಜಿ ಇಟ್ಟುಕೊಂಡ ಹಾಗಿತ್ತು; ನುಂಗುವಂತಿಲ್ಲ, ಉಗುಳುವಂತಿಲ್ಲ. ಬಲಗಡೆ ಪೇರಿಸಿದ್ದ ಆ ಬುದ್ಧಿಯನ್ನೆಲ್ಲ ವಾಪಸ್ ತಗೊಳ್ಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಮಾಲೀಕರು ಯಾರೋ ತಿಳಿಯದು ಎಂದರಾಯಿತು, ಮರ್ಯಾದೆ ಉಳಿಯುತ್ತದೆ. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು. ಬಾತುಕೋಳಿಯೂ ನೋಡುತ್ತಿದ್ದಂತಿತ್ತು.

ಟೈಲರ್: ಆದರೆ ಕಂಬಳಿ...

ಹೆಂಡತಿ: ಎಣಿಸ್ತಿದ್ದದ್ದು ನಿಜ. ಮುಂಚೂಣಿಗೆ ಹೊತ್ಕೊಂಡು ಹೋಗಿ, ಸತ್ತವರಿಗೆ ಹೊದಿಸಿ, ಬರುವಾಗ ಉಳಿದದ್ದನ್ನ ಎಣಿಸ್ತಿದ್ರು. ಊಟದ ಪಂಕ್ತೀಲಿ ಹೇಳೋ ಮಾತಲ್ಲ ಅಂತ ಅಪ್ಪ ಸುಮ್ಮನೆ ನಗ್ತಿದ್ರು.

ಅಧಿಕಾರಿ ತಲೆ ತಗ್ಗಿಸಿದರು. ಟೈಲರು ಕೊರಳಿನ ಟೇಪನ್ನು ತೆಗೆದು, ಮಡಚಿ, ಜೇಬಿಗೆ ಹಾಕಿಕೊಂಡರು.

ಟೈಲರ್: ಬರ್ಕೊಳ್ಳಿ ಸರ್. ಇದು ನಮ್ಮ ಮಾವನವರದ್ದು. ಹೆಸರು ಇವಳು ಹೇಳ್ತಾಳೆ. ತಲೆ ಸರಿಯಾಗೇ ಇತ್ತು, ಟೋಪಿ ಹೊಲಿದವನ ತಲೆ ಸರಿ ಇರಲಿಲ್ಲ ಅಂತಾನೂ ಸೇರಿಸಿ.

ಅಧಿಕಾರಿ: ಅಷ್ಟು ಜಾಗ ಇರಲ್ಲ ಟೈಲರೇ, ಫಲಕ ಚಿಕ್ಕದು. ಹೆಸರು, ಬಾತುಕೋಳಿ, ಕಂಬಳಿ ಬರೀತೀನಿ. ಆ ತಗ್ಗು ಹೇಗಾಯ್ತೋ ತಿಳಿಯದು ಅಂತ ಹಾಕ್ತೀನಿ.

ಟೈಲರ್: ತಿಳಿಯದೇನು? ಗುಂಡೇಟು ಸರ್. ನಮ್ಮ ಮಾವನವರಿಗೆ ಬಿದ್ದ ಗುಂಡೇಟು. ಬೇಕಾದ್ರೆ ನಾನು ರುಜು ಹಾಕ್ತೀನಿ.

ಮಾವನವರ ಪರವಾಗಿ ಅವರು ಇಷ್ಟು ಜೋರಾಗಿ ವಾದಿಸಿದ್ದು ಅದೇ ಮೊದಲು. ಅಧಿಕಾರಿ ಕೇಳಿಯೂ ಕೇಳದವರಂತೆ ಹೆಸರು ಬರೆದುಕೊಂಡರು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಗೋಣಿ ಹೊಲಿಯುವ ದಬ್ಬಳ ತಂದು, ಗದ್ದದ ಪಟ್ಟಿಯನ್ನು ಕೂತಲ್ಲೇ ಹೊಲಿದು ಮುಗಿಸಿದಳು. ಟೈಲರು ಎಳೆದು ನೋಡಿದರು. ಕಿತ್ತುಬರಲಿಲ್ಲ. ಇನ್ನೊಮ್ಮೆ ಎಳೆದರು, ಈ ಸಲವಾದರೂ ಕಿತ್ತುಬಂದೀತೆಂಬ ಆಸೆಯಿಂದ.

ಅಧಿಕಾರಿ: ಗಾಜಿನ ಪೆಟ್ಟಿಗೇಲಿ ಇಡೋ ದಿನ ತಾವಿಬ್ಬರೂ ಬರಬೇಕು ಅಮ್ಮಾ.

ಹೆಲ್ಮೆಟ್ಟನ್ನು ಎದೆಗಪ್ಪಿಕೊಂಡು ಅವರು ಮೆಟ್ಟಿಲಿಳಿದು ಹೋದರು. ಮೇಜು ಖಾಲಿಯಾಯಿತು. ಹೆಂಡತಿ ಅದರ ಮೇಲೆ ಎರಡು ತಟ್ಟೆ ಇಟ್ಟಳು. ಟೈಲರು ತಟ್ಟೆಯ ಮುಂದೆ ಕೂತರು.

ಟೈಲರ್: ಪಾಪ, ಮಾವ. ಅಂಥ ಗುಂಡೇಟು ಬಿದ್ದಿತ್ತು ಅಂತ ಒಂದು ದಿನವಾದ್ರೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲ.

ಹೆಂಡತಿ: ಹೇಗೆ ಹೇಳ್ತಾರೆ? ಅದು ನಾನು ಮಹಡಿ ಮೆಟ್ಟಿಲ ಮೇಲಿಂದ ಉರುಳಿಸಿದಾಗ ಆದ ತಗ್ಗು.

ಟೈಲರ್: ಅಯ್ಯೋ, ಮತ್ತೆ ನಾನು ರುಜು ಹಾಕ್ತೀನಿ ಅಂತ ಕೂಗಾಡುವಾಗ ಸುಮ್ಮನಿದ್ದೆಯಲ್ಲೇ.

ಹೆಂಡತಿ: ನಮ್ಮಪ್ಪನ ಬಗ್ಗೆ ನಿಮ್ಮ ಬಾಯಲ್ಲಿ ಬಂದ ಮೊದಲನೇ ಒಳ್ಳೆ ಮಾತು ಅದು. ನಾನ್ಯಾಕೆ ಅಡ್ಡ ಬರಲಿ?

ಟೈಲರ್: ಅಳತೆ ಸುಳ್ಳು ಹೇಳಲ್ಲ ಅಂತಿದ್ದೆ ನಾನು.

ಹೆಂಡತಿ: ಅಳತೆ ಸುಳ್ಳು ಹೇಳಲ್ಲ ರೀ. ಅದಕ್ಕೇ ಜೊತೆಗೊಬ್ಬ ಟೈಲರ್ ಬೇಕಾಗೋದು. ಏಳಿ, ಕೈ ತೊಳ್ಕೊಳ್ಳಿ.