ಇಲ್ಲಿ ಉಜ್ಜಿ ಎಂದವರಿಗೆ

ಮುಖ್ಯರಸ್ತೆಯ ನಾಲ್ಕು ಮಹಡಿಯ ಮಳಿಗೆಯಲ್ಲಿ ಉಡುಗೊರೆ ಕಾರ್ಡುಗಳ ವಿಭಾಗವನ್ನು ಮುನ್ನಡೆಸುತ್ತಿರುವ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಮೇಲಿನವರಿಗೂ, ಕೆಳಗಿನವರಿಗೂ, ನನ್ನ ಕೈಚೀಲವನ್ನು ಒಳಗೆ ಹೋಗುವಾಗೊಮ್ಮೆ ಹೊರಗೆ ಬರುವಾಗೊಮ್ಮೆ ಅಷ್ಟೇ ಆಸ್ಥೆಯಿಂದ ತಡಕಿ ನೋಡಿದ ಬಾಗಿಲಿನ ಕಾವಲುಗಾರರಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಬಿಡುವಿಲ್ಲದವರು, ಇಂಥ ಪತ್ರಗಳನ್ನು ಬುಟ್ಟಿಗೆ ಹಾಕುವುದಕ್ಕೂ ತಮಗೆ ಪುರುಸೊತ್ತಿರಲಾರದು ಎಂಬುದನ್ನು ಬಲ್ಲೆನಾದ್ದರಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಯಾರಾದರೂ ಓದಿ ತಮ್ಮ ಕಿವಿಗೆ ಹಾಕಿಯಾರು.

ಮೊದಲು ನನ್ನ ಪರಿಚಯ. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದು, ಹೋದ ತಿಂಗಳು ನಿವೃತ್ತನಾದವನು ನಾನು. ಹುದ್ದೆಯ ಹೆಸರು ಏನೇ ಇರಲಿ, ಕೆಲಸ ಮಾತ್ರ ಬಾಟಲಿ ತೊಳೆಯುವುದು. ಬೀದಿಬೀದಿಯ ನಲ್ಲಿಗಳಿಂದ ನೀರು ಹಿಡಿದ ಗಾಜಿನ ಬಾಟಲಿಗಳು ಬೆಳಿಗ್ಗೆ ಬರುತ್ತವೆ, ಪ್ರತಿಯೊಂದರ ಮೈಮೇಲೂ ಮಾರ್ಕರ್ ಪೆನ್ನಿನಲ್ಲಿ ಬರೆದ ಒಂದು ನಂಬರ್ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಅವೆಲ್ಲ ನನ್ನ ಸಿಂಕಿಗೆ ಬರುತ್ತವೆ, ನಾನು ಒಳಗಿನ ನೀರನ್ನು ಚೆಲ್ಲಿ, ಹೊರಗಿನ ನಂಬರನ್ನು ಗುರುತೇ ಸಿಗದಂತೆ ಉಜ್ಜಿ, ಮರುದಿನಕ್ಕೆ ಅಣಿಮಾಡಿ ಇಡಬೇಕು. ಹಳೆಯ ನಂಬರಿನ ಒಂದು ಗೆರೆ ಉಳಿದರೂ ಒಂದು ಬೀದಿಯ ಕೆಟ್ಟ ನೀರನ್ನು ಇನ್ನೊಂದು ಬೀದಿಯ ತಲೆಗೆ ಕಟ್ಟಿದಂತಾಗುತ್ತದೆ. ನನ್ನ ಕಾಲದಲ್ಲಿ ಹಾಗೆ ಒಂದು ಸಲವೂ ಆಗಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಲ್ಲಿ ಎಲ್ಲರೂ ನನ್ನನ್ನು ಉಜ್ಜಣ್ಣ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿ ಬರೆಯುವವರಿಗೆ ಮಾತ್ರ ಗೊತ್ತಿತ್ತು.

ಬೀಳ್ಕೊಡುಗೆಯ ದಿನ, ಯಾರೂ ಮುಟ್ಟಕೂಡದ ತೂಕದ ಯಂತ್ರವನ್ನೇ ಪಕ್ಕಕ್ಕೆ ಸರಿಸಿ, ಆ ಮೇಜಿನ ಮೇಲೆ ಕೇಕ್ ಇಟ್ಟರು. ನನ್ನ ಮೇಲಧಿಕಾರಿಯಾದ ದೊಡ್ಡ ಮೇಡಂ ಒಂದು ಲಕೋಟೆಯನ್ನು ಕೈಗಿತ್ತು, ಎಲ್ಲರಿಗೂ ಕೇಳುವಂತೆ, "ಉಜ್ಜಣ್ಣಂಗೆ ಏನಿಷ್ಟ ಅಂತ ಎಲ್ಲರನ್ನೂ ಕೇಳ್ದೆ ಕಣ್ರೀ, ಒಬ್ಬರಿಗೂ ಗೊತ್ತಿಲ್ಲ! ಅದಕ್ಕೇ ಕಾರ್ಡ್ ತಂದ್ವಿ, ಬೇಕಾದ್ದು ಅವರೇ ತಗೊಳ್ಳಲಿ," ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ, ಏಕೆಂದರೆ ನಗದಿದ್ದರೆ ಬೇರೇನೋ ಆಗುವ ಸಂಭವವಿತ್ತು.

ತಮ್ಮ ಕಾರ್ಡಿನ ಗುಣಗಳನ್ನು ಎಷ್ಟು ಹೊಗಳಿದರೂ ಸಾಲದು. ಹಿಂದೆ ಒಬ್ಬರಿಗೆ ಉಡುಗೊರೆ ಕೊಡಬೇಕೆಂದರೆ ಒಂದು ವಾರ ಅವರನ್ನು ಓರೆಗಣ್ಣಿನಲ್ಲಿ ಅಳೆಯಬೇಕಿತ್ತು, ಅವರ ಮನೆಯವರನ್ನು ಗುಟ್ಟಾಗಿ ವಿಚಾರಿಸಬೇಕಿತ್ತು, ಇಷ್ಟಾದರೂ ಹೊಟ್ಟೆಯ ಹತ್ತಿರ ಗುಂಡಿ ಹಾಕಲಾಗದ ಅಂಗಿಯನ್ನು ತಂದು ಪೆಚ್ಚಾಗಬೇಕಿತ್ತು. ಆ ಅಂಗಿ ಹೊಟ್ಟೆಗೆ ಹಿಡಿಯದಿದ್ದರೂ, ಪಾಪ, ಯಾರೋ ನಮ್ಮ ಹೊಟ್ಟೆಯ ಬಗ್ಗೆ ಒಂದು ವಾರ ಯೋಚಿಸಿದ್ದರು ಎಂಬುದಂತೂ ಖಾತ್ರಿಯಾಗುತ್ತಿತ್ತು. ತಮ್ಮ ಕಾರ್ಡು ಆ ತಾಪತ್ರಯವನ್ನೆಲ್ಲ ತಪ್ಪಿಸಿದೆ: ಕೊಡುವವರು ಮನೆಗೆ ಹೋಗುವ ದಾರಿಯಲ್ಲಿ ನಾಲ್ಕು ನಿಮಿಷ ನಿಂತರೆ ಸಾಕು. ಇದು ನನಗೆ ಹೇಗೆ ಗೊತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಪಡೆಯುವವರಿಗೂ ಉಪಕಾರ ಕಡಿಮೆಯೇನಲ್ಲ. ನಮ್ಮ ಮನೆಯಲ್ಲಿ ನಾಲ್ಕು ಜನ ನಾಲ್ಕು ಸಂದರ್ಭಗಳಲ್ಲಿ ಕೊಟ್ಟ ನಾಲ್ಕು ಗೋಡೆ ಗಡಿಯಾರಗಳಿದ್ದು, ಒಂದೊಂದೂ ತನಗೆ ತೋಚಿದ ಹೊತ್ತು ತೋರಿಸುತ್ತದೆ; ಕಾರ್ಡಿಗೆ ಮೊಳೆ ಬೇಡ, ಗೋಡೆ ಬೇಡ. ಆದರೆ ಗಡಿಯಾರ ಕೊಟ್ಟವರು ಯಾರೂ ಆಮೇಲೆ ಫೋನ್ ಮಾಡಿ "ಏನ್ ತಗೊಂಡ್ರಿ?" ಎಂದು ಕೇಳಿರಲಿಲ್ಲ. ಕಾರ್ಡು ಕೊಟ್ಟವರು ಕೇಳುತ್ತಾರೆ.

ಇನ್ನು ನನ್ನ ಅಹವಾಲಿಗೆ ಬರುತ್ತೇನೆ. ತಮ್ಮ ಕಾರ್ಡಿನ ಬೆನ್ನಿಗೆ ಒಂದು ಬೆಳ್ಳಿಬಣ್ಣದ ಪಟ್ಟಿಯಿದೆ, ಅದರ ಮೇಲೆ "ಇಲ್ಲಿ ಉಜ್ಜಿ" ಎಂದು ಎರಡೇ ಎರಡು ಪದಗಳಿವೆ. ಈ ಪದಗಳನ್ನು ತಾವು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಅಚ್ಚು ಹಾಕಿಸಿದಿರೋ ಗೊತ್ತಿಲ್ಲ, ನನ್ನನ್ನಂತೂ ಅಲ್ಲ. ಉಗುರಿನಿಂದ ಮೆಲ್ಲಗೆ ಕೆರೆಯಿರಿ ಎಂದಿದ್ದರೆ ಕೆರೆಯುತ್ತಿದ್ದೆ. ಉಜ್ಜಿ ಎಂದಿರಿ, ನಾನು ಅಡುಗೆಮನೆಯ ಸಿಂಕಿನ ಹತ್ತಿರ ಹೋಗಿ, ಸ್ಪಂಜು ಒದ್ದೆ ಮಾಡಿ, ಒಂದು ಚಿಟಿಕೆ ಪುಡಿ ಹಾಕಿ, ಬಲಗೈ ಹೆಬ್ಬೆರಳನ್ನು ಕೊಟ್ಟು ಶುರುಮಾಡಿದೆ. ಬೆಳ್ಳಿಬಣ್ಣ ಹೋಯಿತು. ಅದರ ಕೆಳಗಿನಿಂದ ಒಂದು ನಂಬರ್ ಎದ್ದು ಬಂತು. ಮಾನ್ಯರೇ, ಮೂವತ್ತೊಂದು ವರ್ಷ ನಂಬರ್ ಕಂಡ ಕೂಡಲೇ ಅಳಿಸಿದ ಕೈ ಇದು. ಬುದ್ಧಿ "ನಿಲ್ಲು" ಎನ್ನುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿ ಕಾರ್ಡನ್ನು ತೊಳೆದು ನೀರು ಸೋರಲು ನಿಲ್ಲಿಸಿಯೂ ಆಗಿತ್ತು. ಇಷ್ಟು ಚೊಕ್ಕಟವಾಗಿ ನಾನು ಯಾವ ಬಾಟಲಿಯನ್ನೂ ತೊಳೆದಿರಲಾರೆ.

ಆದರೂ ಧೈರ್ಯ ಮಾಡಿ ತಮ್ಮ ಮಳಿಗೆಗೆ ಬಂದೆ. ನನಗೆ ಏನಿಷ್ಟ ಎಂಬುದನ್ನು ಹುಡುಕುತ್ತ ನಾಲ್ಕು ಮಹಡಿ ಹತ್ತಿ ಇಳಿದೆ. ಒಂದು ದೀಪವನ್ನು ಹೊತ್ತಿಸಿ ಆರಿಸಿದೆ, ಒಂದು ಕುರ್ಚಿಯಲ್ಲಿ ಕೂತು ಮಾರಾಟದವರು ಬಂದದ್ದರಿಂದ ಎದ್ದೆ, ಒಂದು ಟೋಪಿಯನ್ನು ತಲೆಗಿಟ್ಟು ಕನ್ನಡಿಯಲ್ಲಿ ಯಾರನ್ನೋ ಕಂಡು ಕೆಳಗಿಟ್ಟೆ. ಎರಡು ಗಂಟೆಯ ಅನ್ವೇಷಣೆಯ ಕೊನೆಯಲ್ಲಿ ನನ್ನ ಕೈಯಲ್ಲಿದ್ದದ್ದು ಉದ್ದ ಹಿಡಿಯ, ಬಲು ಒಳ್ಳೆಯ ಕೂದಲಿನ, ಬಾಟಲಿ ತೊಳೆಯುವ ಒಂದು ಬ್ರಶ್. ಕೌಂಟರಿನ ಹುಡುಗಿ ಕಾರ್ಡನ್ನು ಬೆಳಕಿಗೆ ಹಿಡಿದು, "ಅಂಕಲ್, ಸುಮ್ನೆ ಉಗುರಲ್ಲಿ ಕೆರೆದಿದ್ರೆ ಸಾಕಿತ್ತು, ಇಷ್ಟೊಂದು ಯಾಕೆ ಉಜ್ಜಿದ್ರಿ?" ಎಂದಳು. "ಉಜ್ಜಿ ಅಂತ ನೀವೇ ಬರೆದಿದ್ದೀರಲ್ಲಮ್ಮ," ಎಂದೆ. ಅವಳು ಮೇಲ್ವಿಚಾರಕರನ್ನು ಕರೆದಳು, ಅವರು ತಮಗಿಂತ ಮೇಲಿನ ಮೇಲ್ವಿಚಾರಕರನ್ನು ಕರೆದರು, ಮೂವರೂ ಸೇರಿ ಏಳೋ ಒಂದೋ ಎಂದು ಹೇಳಲಾಗದ ಒಂದು ಗೆರೆಯನ್ನು ಪತ್ತೆಹಚ್ಚಿ, ನಂಬರ್ ಇಲ್ಲದ ಕಾರ್ಡನ್ನು ಯಂತ್ರ ಒಪ್ಪುವುದಿಲ್ಲವೆಂದು ಬಹಳ ವಿನಯದಿಂದ ತಿಳಿಸಿದರು. ಆ ಒಂದು ಗೆರೆ ಉಳಿದಿತ್ತಲ್ಲ ಎಂದು ನನಗೆ ಆದ ಅವಮಾನವನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಯೋಗಾಲಯದಿಂದ ಮೂರು ಸಲ ಫೋನ್ ಬಂತು. ಮೂರು ಸಲವೂ "ನೋಡ್ತಾ ಇದ್ದೀನಿ" ಎಂದೆ. ಕೊನೆಗೆ ದೊಡ್ಡ ಮೇಡಂ, ಬರುವ ಭಾನುವಾರ ಎಲ್ಲರೂ ಮನೆಗೇ ಬರುತ್ತೇವೆ, ತಗೊಂಡಿದ್ದನ್ನು ತೋರಿಸಬೇಕು ಎಂದರು. ಒಂದು ದಿನವೂ ತಪ್ಪು ಮಾಡದವನು ಎಂದು ಅವರು ನಂಬಿದ ಮನುಷ್ಯ, ಅವರದೇ ಉಡುಗೊರೆಯನ್ನು ಸಿಂಕಿನಲ್ಲಿ ತೊಳೆದು ಹಾಕಿದ್ದಾನೆ ಎಂದು ಹೇಳುವುದು ಹೇಗೆ? ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಊಟ ಸೇರದ್ದನ್ನು ಹೆಂಡತಿ ಗಮನಿಸಿದಳು. ಹೇಳಿಬಿಟ್ಟೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, "ಒಬ್ಬರಿಗಾದ್ರೂ ನಂಗೇನಿಷ್ಟ ಅಂತ ಗೊತ್ತಿರಬೇಡ್ವಾ, ಮೂವತ್ತೊಂದು ವರ್ಷ!" ಎಂದು ನಾನು ಒಳಗಿದ್ದ ನೋವನ್ನೂ ಹೊರಗೆ ಹಾಕಿದೆ. ಅವಳು ಎದ್ದುಹೋಗಿ, ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ತಮ್ಮ ಮಳಿಗೆಯ ಹೆಸರಿದ್ದ ಒಂದು ಲಕೋಟೆ ತಂದು ನನ್ನ ಮುಂದಿಟ್ಟಳು. ಹೋದ ವರ್ಷ ಅವಳಿಗೆ ಐವತ್ತೈದು ತುಂಬಿದ ದಿನ, ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ತಮ್ಮದೇ ಕೌಂಟರಿನಲ್ಲಿ ನಾಲ್ಕು ನಿಮಿಷ ನಿಂತು ನಾನು ಕೊಂಡ ಕಾರ್ಡು ಅದರೊಳಗಿತ್ತು. ಲಕೋಟೆಯ ಅಂಟು ಬಿಚ್ಚಿರಲಿಲ್ಲ. "ತೆಗೀಲೇ ಇಲ್ವಾ?" ಎಂದೆ. "ನಂಗೇನಿಷ್ಟ ಅಂತ ನಿಮಗೂ ಗೊತ್ತಿಲ್ಲ ಅಂತ ಹೊರಗಿಂದಲೇ ಗೊತ್ತಾಯ್ತಲ್ಲ, ಇನ್ನು ತೆಗೆದು ಏನು ನೋಡೋದು?" ಎಂದಳು.

ಮಾನ್ಯರೇ, ನನಗೆ ನಾಚಿಕೆಯಾಯಿತು. ಆ ದಿನ ಅವಳು "ಚೆನ್ನಾಗಿದೆ" ಎಂದಿದ್ದಳು, ನಾನು ನಂಬಿದ್ದೆ. ಹಾಗಾದರೆ ನಿನಗೇನಿಷ್ಟ ಎಂದು ಮದುವೆಯಾದ ಮೂವತ್ತೆಂಟನೆಯ ವರ್ಷ ಮೊದಲ ಸಲ ಕೇಳಿದೆ. ಅವಳು ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ನನ್ನ ಬಳಿ ಬಂದು, "ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊಂಡು ಕೊನೇ ಸ್ಟಾಪ್ ತನಕ ಹೋಗಿ, ಇಳೀದೆ ಹಾಗೇ ವಾಪಸ್ ಬರೋದು," ಎಂದಳು. ನನಗೆ ತಲೆ ಸುತ್ತುತ್ತದೆ ಎಂಬ ನೆಪದಲ್ಲಿ ಮೂವತ್ತೆಂಟು ವರ್ಷವೂ ಕಿಟಕಿಯ ಪಕ್ಕ ಕೂತವನು ನಾನು. ಈ ಸರಕು ತಮ್ಮ ನಾಲ್ಕು ಮಹಡಿಯಲ್ಲಿ ಎಲ್ಲೂ ಇಲ್ಲ, ನಾನು ಖುದ್ದು ನೋಡಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇನ್ನು ಮುಂದೆ ಕಾರ್ಡು ಕೇಳಿ ಬಂದವರಿಗೆ ತಮ್ಮ ಕೌಂಟರಿನ ಹುಡುಗಿ "ಅವರಿಗೆ ಏನಿಷ್ಟ?" ಎಂದು ಒಂದು ಪ್ರಶ್ನೆ ಕೇಳಲಿ. ಗೊತ್ತಿದೆ ಎಂದವರಿಗೆ ಕಾರ್ಡಿನ ಅಗತ್ಯವಿಲ್ಲ, ಆ ವಸ್ತುವನ್ನೇ ಕೊಡಲಿ. ಗೊತ್ತಿಲ್ಲ ಎಂದವರನ್ನು ಕೇಳಿಕೊಂಡು ಬನ್ನಿ ಎಂದು ಮನೆಗೆ ಕಳಿಸಲಿ. ಇದರಿಂದ ತಮ್ಮ ವಿಭಾಗ ಮುಚ್ಚಿ ಹೋಗಬಹುದು ಎಂಬುದು ನನ್ನ ಗಮನಕ್ಕೆ ಬಂದಿದೆ. ತಮ್ಮ ಬೀಳ್ಕೊಡುಗೆಗೆ ನಾನು ತಪ್ಪದೆ ಬರುತ್ತೇನೆ. ಭಾನುವಾರ ಬರುವವರಿಗೆ ನಿಜವನ್ನೇ ಹೇಳಿ, ಒಬ್ಬೊಬ್ಬರಿಗೂ ಏನಿಷ್ಟ ಎಂದು ಕೇಳಬೇಕೆಂದಿದ್ದೇನೆ, ಏಕೆಂದರೆ ಅವರ ಬಾಟಲಿಗಳ ಹೊರತು ಅವರ ಬಗ್ಗೆ ನನಗೂ ಏನೂ ಗೊತ್ತಿಲ್ಲ.

ಇಷ್ಟನ್ನು ತಾಳ್ಮೆಯಿಂದ ಓದಿರಬಹುದಾದ ತಮಗೆ ವಂದನೆ ಸಲ್ಲಿಸುತ್ತ,

ತಮ್ಮ ವಿಶ್ವಾಸಿ,
ಉಜ್ಜಣ್ಣ

ಮರೆತ ಮಾತು: ಎರಡೂ ಕಾರ್ಡುಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ನನ್ನದಕ್ಕೆ ಇನ್ನೂ ಹನ್ನೊಂದು ತಿಂಗಳ ಅವಧಿ ಇದೆ, ನಂಬರಿಲ್ಲ. ಅವಳದಕ್ಕೆ ಬೆಳ್ಳಿಬಣ್ಣದ ಕೆಳಗೆ ನಂಬರ್ ಭದ್ರವಾಗಿದೆ, ಅವಧಿ ಮುಗಿದು ಎರಡು ತಿಂಗಳಾಯಿತು. ಎರಡನ್ನೂ ಸೇರಿಸಿ ಚಲಾವಣೆಯಾಗುವ ಒಂದು ಕಾರ್ಡು ಮಾಡಿಕೊಡಲು ತಮ್ಮ ಯಂತ್ರಕ್ಕೆ ಬಾರದಿದ್ದರೆ ನಮ್ಮ ಮನೆಗೆ ಕಳುಹಿಸಿ. ನಾವಿಬ್ಬರು ಮೂವತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇವೆ. ಆದರೆ ಸೋಮವಾರ ಬೇಡ. ಅಂದು ನಾವು ಕೊನೆಯ ಸ್ಟಾಪಿನವರೆಗೆ ಹೋಗಿರುತ್ತೇವೆ.