ಶನಿವಾರ ಕೆಡುವ ಗುಂಡಿಗಳು

ಅನುಕೂಲ ಎಂದರೆ ನನಗೆ ಈಚೆಗೆ ಭಯ. ಅನುಕೂಲವಿಲ್ಲದೆ ಒದ್ದಾಡುವವರು ಬೇಕಾದಷ್ಟು ಜನ ಇದ್ದಾರೆ. ಅನುಕೂಲ ಮಾಡಿಕೊಂಡು ಒದ್ದಾಡಿದವನು ಅರಸೀಕೆರೆಯಲ್ಲಿ ಬಹುಶಃ ನಾನೊಬ್ಬನೇ. ಹೀಗೆಂದರೆ ಮಂಡಿಯ ಗೆಳೆಯರು ನಗುತ್ತಾರೆ. ಇದ್ದ ಕೊಬ್ಬರಿ ವ್ಯಾಪಾರ ನೋಡಿಕೊಂಡಿರದೆ ಹಲಗೆ ಕೆತ್ತುತ್ತ ಕೂತವನಿಗೆ ಇನ್ನೇನಾಗಬೇಕು ಎಂಬುದು ಅವರ ವಾದ. ವಾದದಲ್ಲಿ ಹುರುಳಿರುವುದರಿಂದ ನಾನು ಉತ್ತರ ಕೊಡಲು ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ಹಲಗೆ ಕೆತ್ತುವುದು ನಾನಲ್ಲ, ನನ್ನ ಮಷೀನು. ಸಿಎನ್‌ಸಿ ಮಿಲ್ಲಿಂಗ್ ಮಷೀನ್ ಎಂದು ಅದಕ್ಕೆ ದೊಡ್ಡ ಹೆಸರು. ಕಂಪ್ಯೂಟರಿನಲ್ಲಿ ಬರೆದುಕೊಟ್ಟದ್ದನ್ನು ಗಿರ್ರನೆ ತಿರುಗುವ ಒಂದು ಮೊನೆ ಹಲಗೆಯ ಮೇಲೆ ಹಾಗೆಹಾಗೇ ಕೆತ್ತುತ್ತದೆ, ಅಂದರೆ ಕೆತ್ತಬೇಕು. ಗುಜರಿಗೆ ಬಿದ್ದ ಪ್ರಿಂಟರುಗಳ ಮೋಟಾರು ಕಿತ್ತು, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಹವ್ಯಾಸಕ್ಕೆಂದು ನಾನೇ ಕಟ್ಟಿದ್ದು. ಅದರ ಜಾಗ ನಮ್ಮ ಹಿತ್ತಲಿನ ಕೊಟ್ಟಿಗೆ. ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಒಣಹಾಕಿದ ತೆಂಗಿನಕಾಯಿ, ಕೆಳಗೆ ಮಷೀನು. ಮಷೀನು ನಡುಗಿದಾಗ ಅಟ್ಟದ ಕಾಯಿಗಳೊಳಗೆ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡ ಕೊಬ್ಬರಿ ಗುಡುಗುಡು ಸದ್ದು ಮಾಡುತ್ತದೆ. ಕಾಯಿ ಸುಲಿಯುವ ಹೊತ್ತಾಯಿತೆಂದು ಅದರಿಂದ ಗೊತ್ತಾಗುತ್ತದೆ. ನನ್ನ ಹವ್ಯಾಸದಿಂದ ನನ್ನ ವ್ಯಾಪಾರಕ್ಕಾದ ಲಾಭ ಇದೊಂದೇ.

ಕಂಪ್ಯೂಟರಿಗೆ ಧೂಳು ಆಗಿಬರುವುದಿಲ್ಲ. ಅದನ್ನು ಗೋಡೆಯಾಚೆ ಕೋಣೆಯಲ್ಲಿಟ್ಟು ಕಿಟಕಿಯಿಂದ ವೈರು ಎಳೆದಿದ್ದೆ. ಮಷೀನು ಶುರುವಾಗಲು ಅಲ್ಲಿ ಎಂಟರ್ ಒತ್ತಬೇಕು, ನಿಲ್ಲಲು ಸ್ಪೇಸ್ ಬಾರ್. ಮೊನೆ ಹಲಗೆಯಲ್ಲಿ ಸಿಕ್ಕಿಕೊಂಡು ಕಿರುಚತೊಡಗಿದರೆ, ನಾನು ಹಿತ್ತಲು, ಅಡುಗೆಮನೆ, ನಡುಮನೆ ದಾಟಿ ಕೀಬೋರ್ಡಿಗೆ ಕೈ ಹಾಕುವಷ್ಟರಲ್ಲಿ ಹಲಗೆ ಸೌದೆಯಾಗಿರುತ್ತಿತ್ತು. ಹಾಗಾಗಿ ಕೀಬೋರ್ಡಿನ ಮುಂದೆ ನನ್ನ ಹೆಂಡತಿ ಗಿರಿಜಾ ಕೂರುತ್ತಿದ್ದಳು. ಗಿರಿಜಾ ಮೇಷ್ಟ್ರ ಕೆಲಸದವಳು. ಒಂದು ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುವಳು, ಇನ್ನೊಂದು ಕೈ ಸ್ಪೇಸ್ ಬಾರಿನ ಮೇಲೆ. ನಾನು ಕಿಟಕಿಯಿಂದ ‘ಬಿಡು’ ಎಂದರೆ ಎಂಟರ್ ಒತ್ತಿ ಮಷೀನು ಬಿಡುವಳು, ‘ಹಿಡಿ’ ಎಂದರೆ ಸ್ಪೇಸ್ ಬಾರ್ ಒತ್ತಿ ಹಿಡಿಯುವಳು. ನಡುವೆ ಯಾವನೋ ಹುಡುಗ ಬರೆದ ಘನಂದಾರಿ ಉತ್ತರವನ್ನು ಗಟ್ಟಿಯಾಗಿ ಓದುವಳು. ನಾನು ನಗುತ್ತ ‘ಹಿಡಿ’ ಎನ್ನುವುದನ್ನೇ ಮರೆಯುವೆ, ಹಲಗೆ ಹಾಳಾಗುವುದು. ಆಗ ಅದನ್ನು ನಾನು ತೊಂದರೆ ಎಂದುಕೊಂಡಿದ್ದೆ.

ಗಿರಿಜಾಗೆ ಬಡ್ತಿ ಬಂತು, ಬೇಲೂರಿನ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ. ಮಂಡಿಗೆಲ್ಲ ಸಿಹಿ ಹಂಚಿದವನು ನಾನೇ. ಸ್ವಲ್ಪ ದಿನ ದಿನಾ ಓಡಾಡಿ ನೋಡಿದಳು. ಜಾವಗಲ್ ದಾಟಿ ಹಳೇಬೀಡಿಗೆ ಬಸ್ಸು ಬರುವಷ್ಟರಲ್ಲಿ ನಿಂತ ಕಾಲು ಮರಗಟ್ಟುತ್ತಿತ್ತಂತೆ. ಕೊನೆಗೆ ಅಲ್ಲೇ ಒಂದು ಬಾಡಿಗೆ ಮನೆ ಹಿಡಿದಳು. ಸೋಮವಾರ ಬೆಳಗಿನ ಬಸ್ಸಿಗೆ ಹೋದರೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವುದು. ಮೊದಲ ಸೋಮವಾರ ನಾನು ಹಲಗೆ ಬಿಗಿದು, ರೂಢಿಯಂತೆ ಕಿಟಕಿಗೆ ಬಾಯಿಟ್ಟು ‘ಬಿಡು’ ಎಂದು ಕೂಗಿದೆ. ಪಕ್ಕದ ಮನೆಯವರು ಗಾಬರಿಯಾಗಿ ಕಾಂಪೌಂಡಿನಿಂದ ಇಣುಕಿದರು. ಏನಿಲ್ಲ, ಬೆಕ್ಕು ಎಂದೆ.

ಆಮೇಲೆ ಹೊಳೆದದ್ದು ಗುಂಡಿಗಳ ಯೋಚನೆ. ಹಳೆಯ ಕೀಬೋರ್ಡೊಂದನ್ನು ಬಿಚ್ಚಿದರೆ ಒಳಗೆ ಅಂಗೈಯಗಲದ ಹಸಿರು ಸರ್ಕ್ಯೂಟ್ ಬಿಲ್ಲೆ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಎಂಟರಿಗೂ ಸ್ಪೇಸ್ ಬಾರಿಗೂ ಸೇರಿದ ಜಾಗಗಳಿಂದ ವೈರು ಎಳೆದು, ಕೊಟ್ಟಿಗೆಯಲ್ಲಿ ಎರಡು ಗುಂಡಿ ಕೂರಿಸಿದರೆ ಆಯಿತು. ಯಾರನ್ನೂ ಕೂಗಬೇಕಾಗಿಲ್ಲ. ಗುಂಡಿಗೆಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋದರೆ ಅವರಲ್ಲಿದ್ದದ್ದು ಕಾಲಿಂಗ್ ಬೆಲ್ಲಿನ ಸ್ವಿಚ್ಚು, ಮೇಲೆ ಪುಟ್ಟ ಗಂಟೆಯ ಚಿತ್ರ. ಕೆಲಸಕ್ಕೆ ಬಂದರೆ ಸಾಕು, ಗಂಟೆ ಇದ್ದರೇನು ಎಂದುಕೊಂಡು ಕೊಟ್ಟಿಗೆಯ ಬಾಗಿಲ ಚೌಕಟ್ಟಿಗೇ ಎರಡನ್ನೂ ಹೊಡೆದೆ. ಒಳಗೆ ನಿಂತರೂ ಹೊರಗೆ ನಿಂತರೂ ಕೈಗೆಟುಕಲಿ ಎಂಬ ದೂರಾಲೋಚನೆ. ಮಾರನೆಯ ದಿನವೇ ಹಾಲಿನ ನಂಜಮ್ಮ ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದು, “ನಿಮ್ ಬೆಲ್ ಒತ್ತುದ್ರೆ ಒಳ್ಗೆ ಏನೋ ಗುರ್ ಅಂತೈತಲ್ಲ ಸ್ವಾಮಿ” ಎಂದಳು. ನಾನು ನಕ್ಕೆ. ಅಷ್ಟಕ್ಕೇ ಎಚ್ಚೆತ್ತುಕೊಳ್ಳಬೇಕಿತ್ತು.

ಗುಂಡಿಗಳು ಚೆನ್ನಾಗಿ ಕೆಲಸ ಮಾಡಿದವು. ಅದೇ ಬೇಜಾರು. ಒತ್ತಿದರೆ ಶುರು, ಒತ್ತಿದರೆ ನಿಂತಿತು. ಹಲಗೆ ಹಾಳಾಗುವುದು ತಪ್ಪಿತು, ಆದರೆ ನೋಡು ಎಂದು ಯಾರಿಗೆ ತೋರಿಸುವುದು? ಕಿಟಕಿಯಾಚೆ ಆ ಕುರ್ಚಿ ಖಾಲಿ. ಆ ಕೋಣೆಯಿಂದ ಬರುತ್ತಿದ್ದ ನಗು ನನಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು.

ಇದರ ಮಧ್ಯೆ ಗಿರಿಜಾ ಒಂದು ಹೆಸರಿನ ಹಲಗೆ ಕೇಳಿದಳು. ಬೇಲೂರಿನ ಗ್ಯಾಸಿನವನಿಗೆ ಅವಳ ಮನೆಯೇ ಸಿಕ್ಕುತ್ತಿಲ್ಲವಂತೆ. ಆಗಲಿ ಎಂದೆ, ಮಾಡಲಿಲ್ಲ. ಮರ ಹಸಿ ಇದೆ, ಕರೆಂಟಿಲ್ಲ, ಮೊನೆ ಮೊಂಡಾಗಿದೆ ಎಂದು ವಾರ ವಾರ ದೂಡಿದೆ. ಅವಳ ಹೆಸರು ಬೇಲೂರಿನ ಬಾಗಿಲಿಗೆ ಹತ್ತಿದರೆ ಅವಳು ಅಲ್ಲಿಯವಳೇ ಆಗಿಬಿಡುತ್ತಾಳೆ ಎಂಬುದು ನನ್ನ ಅಳುಕು. ಅದನ್ನು ಬಾಯಿಬಿಟ್ಟು ಹೇಳುವ ವಯಸ್ಸೇ ನನ್ನದು? ಕೊನೆಗೆ ಅವಳೇ ಫೋನಿನಲ್ಲಿ, “ಅಲ್ಲ ರೀ, ಈ ಊರಲ್ಲಿ ಕಲ್ಲಲ್ಲಿ ಅಷ್ಟೆಲ್ಲ ಕೆತ್ತಿಟ್ಟಿದ್ದಾರೆ. ಹಲಗೇಲಿ ನನ್ನ ಹೆಸರು ಕೆತ್ತೋಕೆ ನಿಮಗೆ ಇನ್ನೂ ಎಷ್ಟು ದಿನ ಬೇಕು?” ಎಂದಳು. ಅವರಿಗೆ ಕರೆಂಟ್ ಬೇಕಿರಲಿಲ್ಲ ಕಣೇ ಎಂದು ತಪ್ಪಿಸಿಕೊಂಡೆ.

ಮರ್ಯಾದೆ ಪ್ರಶ್ನೆಯಾಗಿ ಆ ಶನಿವಾರ ಕೂತೆ. ತೇಗದ ಹಲಗೆಯ ಮೇಲೆ ‘ಗಿರಿಜಾ’ ಎಂಬ ಸಾಲು ಮುತ್ತಿನಂತೆ ಮೂಡಿತು. ಕೆಳಗೆ ‘ಬೇಲೂರು’ ಕೂಡ ಮುಗಿಯಿತು. ಅಂಚಿಗೆ ಒಂದು ಬಳ್ಳಿ ಕೆತ್ತೋಣವೆಂದು ಬಿಗಿ ಸಡಿಲಿಸಿ ಹಲಗೆ ಸರಿಸಿದವನು, ಬಸ್ಸು ಬರುವ ಹೊತ್ತಾಯಿತಲ್ಲ ಎಂದು ಅವಳಿಗೆ ಕಾಫಿ ಬೆರೆಸಲು ಒಳಗೆ ಹೋದೆ. ಗಿರಿಜಾ ಅಂದು ಬೇಗ ಬಂದಿದ್ದಳು. ಮುಂಬಾಗಿಲು ಬಿಟ್ಟು ಪಕ್ಕದ ಓಣಿಯಿಂದ ನೇರ ಕೊಟ್ಟಿಗೆಗೆ ಬಂದಳು. ಅಷ್ಟು ವಾರ ಕೊಟ್ಟಿಗೆಯ ಕಡೆ ಸುಳಿಯದಿದ್ದವಳಿಗೆ ಅಲ್ಲೊಂದು ಹೊಸ ಬೆಲ್ಲು ಕಂಡಿತು. ಮನೆಯವಳಾದರೂ ನೆಂಟರ ಹಾಗೆ ಬೆಲ್ ಮಾಡಿ ಗಂಡನನ್ನು ಬೆಚ್ಚಿಬೀಳಿಸೋಣ ಎಂದು ಒತ್ತಿದಳು. ನನ್ನ ಕೈಯಲ್ಲಿ ಹಾಲಿನ ಪಾತ್ರೆ, ಹಿತ್ತಲಿನಲ್ಲಿ ಮಷೀನಿನ ಆರ್ಭಟ, ಅಟ್ಟದಲ್ಲಿ ಕಾಯಿಗಳ ಗುಡುಗುಡು.

ಓಡಿಬಂದು ಇನ್ನೊಂದು ಗುಂಡಿ ಒತ್ತಿ ನಿಲ್ಲಿಸಿ ನೋಡಿದರೆ, ಸಡಿಲ ಹಲಗೆಯನ್ನು ಮೊನೆ ಎಳೆದಾಡಿ ಕೆಳಗಿನ ಸಾಲನ್ನು ಉತ್ತುಹಾಕಿತ್ತು. ‘ಗಿರಿಜಾ’ ಹಾಗೇ ಇತ್ತು, ‘ಬೇಲೂರು’ ಪುಡಿಪುಡಿ. ಅವಳು ಚೀಲವನ್ನೂ ಇಳಿಸದೆ ಅದನ್ನೇ ನೋಡುತ್ತ ನಿಂತಿದ್ದಳು. ಕೈಯಿಂದ ಹೊಟ್ಟು ಸವರಿದಳು.

“ಹೋಗಿದ್ದು ಬೇಲೂರು ತಾನೇ, ಹೋಗ್ಲಿ ಬಿಡಿ,” ಎಂದಳು. “ಇದನ್ನ ಇಲ್ಲೇ ಬಾಗಿಲಿಗೆ ಹೊಡೀರಿ. ಅಲ್ಲಿಗೆ ಬೇರೆ ಮಾಡೋಣ.” ಒಳಗೆ ಹೋಗಿ ಮುಖವನ್ನೂ ತೊಳೆಯದೆ ಆ ಖಾಲಿ ಕುರ್ಚಿಯಲ್ಲಿ ಕೂತು, ಕಿಟಕಿಯಿಂದ ಕೂಗಿದಳು: “ಹ್ಞೂಂ, ಹೇಳಿ.” ನಾನು ಇನ್ನೊಂದು ಹಲಗೆ ಬಿಗಿದು, ಕಿಟಕಿಗೆ ಬಾಯಿಟ್ಟು ‘ಬಿಡು’ ಎಂದೆ.

ಬೇಲೂರಿನ ಹಲಗೆ ಆಯಿತು, ಗ್ಯಾಸಿನವನಿಗೆ ಮನೆಯೂ ಸಿಕ್ಕಿತು. ಅಂದಿನಿಂದ ನಾನು ಪ್ರತಿ ಶನಿವಾರ ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ, ಸ್ಟೂಲು ಹತ್ತಿ, ಚೌಕಟ್ಟಿನ ಮೇಲೆ ಹಾದುಹೋದ ಗುಂಡಿಗಳ ವೈರು ಕಿತ್ತಿಡುತ್ತೇನೆ. ಗಿರಿಜಾ ಬಂದ ಮೇಲೆ ಮುಖ ಸಪ್ಪೆ ಮಾಡಿ, ಹಾಳಾದ ಗುಂಡಿ ಮತ್ತೆ ಕೆಟ್ಟಿತು ಎನ್ನುತ್ತೇನೆ. ಅವಳು ಅಯ್ಯೋ ಪಾಪ ಎಂದು ಪತ್ರಿಕೆಗಳ ಕಟ್ಟು ಹಿಡಿದು ಕೀಬೋರ್ಡಿನ ಮುಂದೆ ಕೂರುತ್ತಾಳೆ. ಸೋಮವಾರ ಅವಳನ್ನು ಬಸ್ಸು ಹತ್ತಿಸಿ ಬಂದು ವೈರು ಮತ್ತೆ ಸೇರಿಸುತ್ತೇನೆ. ಎಂಥ ಉಪಾಯಗಾರ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಕಳೆದ ಸೋಮವಾರ ವೈರು ಸೇರಿಸಿದರೂ ಗುಂಡಿ ಕೆಲಸ ಮಾಡಲಿಲ್ಲ. ಸ್ವಿಚ್ಚು ಬಿಚ್ಚಿದೆ, ಬೆಸುಗೆ ನೋಡಿದೆ, ಅಂಗಡಿಯವನನ್ನು ಬೈದೆ. ಮಧ್ಯಾಹ್ನದವರೆಗೂ ತಲೆ ಕೆರೆದುಕೊಂಡು, ಕೊನೆಗೆ ಒಳಗೆ ಹೋಗಿ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರೆ, ಆ ಕಡೆಯ ತುದಿಯೂ ಕಿತ್ತಿತ್ತು. ಕಿತ್ತಿದ್ದನ್ನು ಸುತ್ತಿ, ಉತ್ತರಪತ್ರಿಕೆ ಕಟ್ಟುವ ದಾರದಲ್ಲಿ ನೀಟಾಗಿ ಗಂಟು ಹಾಕಿತ್ತು.