ಮಾವನ ಪಂಕ್ತಿಯಲ್ಲಿ ಕೂತವರ ಪಾಡು

ನಮ್ಮ ಸೋದರಮಾವನ ಪಂಕ್ತಿಯಲ್ಲಿ ಮದುವೆ ಊಟಕ್ಕೆ ಕೂತವರು ಅದೇ ದಂಪತಿಯ ಮಗುವಿನ ನಾಮಕರಣದ ಊಟವನ್ನೂ ಮುಗಿಸಿಕೊಂಡು ಏಳುವುದು ಒಳ್ಳೆಯದು. ಮನೆಗೆ ಹೋಗಿ ಮತ್ತೆ ಬರುವ ಬಸ್ ಚಾರ್ಜಾದರೂ ಉಳಿಯುತ್ತದೆ!

ಹೊರಗಿನವರಿಗೆ ಇದರ ಸಂಕಟ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಪಂಕ್ತಿಯಲ್ಲಿ ಕೂತ ಮೇಲೆ ಕೊನೆಯವನ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಎಡಗೈಯಲ್ಲಿ ಸೊಳ್ಳೆ ಹೊಡೆಯುತ್ತ, ಬಲಗೈ ಒಣಗಿಸುತ್ತ ಕಾಯಬೇಕು. ಮನೆಯ ಯಜಮಾನ ಕೈಮುಗಿದುಕೊಂಡು ಎಲೆಗಳ ಮುಂದೆ ಹಾಯುತ್ತ, "ಸಾವಕಾಶ ಆಗ್ಲಿ, ಸಾವಕಾಶ ಆಗ್ಲಿ" ಎಂದು ಉಪಚಾರ ಹೇಳುತ್ತಾನೆ. ಇದು ಬರೀ ಬಾಯಿಮಾತು. ಹೊರಗೆ ಎರಡನೇ ಪಂಕ್ತಿಯವರು ಹಸಿದು ಕೂತಿರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಆ ಮಾತನ್ನು ಅಕ್ಷರಶಃ ನಂಬಿ ಪಾಲಿಸಿದ ಏಕೈಕ ಮನುಷ್ಯ ನಮ್ಮ ಮಾವ.

ತಮಾಷೆಯೆಂದರೆ ಈತ ಹೊಟ್ಟೆ ಹೊರೆಯುತ್ತಿದ್ದುದು ವೇಗ ಕಲಿಸಿ! ಶಿರಸಿಯಲ್ಲಿ ಮಾವನದೊಂದು ಟೈಪಿಂಗ್ ಕ್ಲಾಸು. "ಬೆರಳು ಓಡವು, ಬೆರಳು ಓಡವು!" (ನಮ್ಮ ಕಡೆ 'ಓಡವು' ಎಂದರೆ 'ಓಡಬೇಕು') ಎಂದು ಹುಡುಗ ಹುಡುಗಿಯರ ಬೆನ್ನ ಹಿಂದೆ ನಿಂತು ದಬಾಯಿಸುವವನು, ಎಲೆಯ ಮುಂದೆ ಕೂತರೆ ಮಾತ್ರ ಬೆರಳಿಗೆ ಲಕ್ವ ಹೊಡೆದವನಂತೆ ಆಡುತ್ತಿದ್ದ. ಅತ್ತೆಯನ್ನು ಕೇಳಿದರೆ, "ನಿಮ್ಮ ಮಾವ ಬೆಳಗಿನ ದೋಸೆ ತಿಂದು ಏಳದ್ರೊಳಗೆ ಮಧ್ಯಾಹ್ನದ ಸಾರು ಕುದ್ದಿರ್ತು" ಎನ್ನುತ್ತಿದ್ದಳು.

ಒಮ್ಮೆ ನಿಲ್ಕುಂದದಲ್ಲಿ ಮದುವೆ. ಮಧ್ಯಾಹ್ನ ಸಿದ್ದಾಪುರದ ಕಡೆ ಹೋಗಲು ಇದ್ದದ್ದು ಒಂದೇ ಬಸ್ಸು. ಬಸ್ಸಿನ ಹೊತ್ತಾಯಿತು, ಮಾವ ಇನ್ನೂ ಹೋಳಿಗೆಯ ಅಂಚಿನಲ್ಲಿದ್ದಾನೆ. ಪಂಕ್ತಿಯವರೆಲ್ಲ ಚಡಪಡಿಸತೊಡಗಿದರು. ಮಾವ ಮಾತ್ರ ತಣ್ಣಗೆ, "ಎಂತಕ್ಕೆ ಅವಸರ? ಡ್ರೈವರನ್ನೂ ಊಟಕ್ಕೆ ಕರದು ಇದೇ ಪಂಕ್ತಿಲಿ ಕೂರ್ಸಿದ್ದಿ. ನಾನು ಏಳದೇ ಅಂವ ಹ್ಯಾಂಗೆ ಏಳ್ತಾ?" ಎಂದ. ತುದಿಯಲ್ಲಿ ಡ್ರೈವರ್ ಅಳು ಮುಖ ಮಾಡಿಕೊಂಡು ಕೂತಿದ್ದ. ಹೊರಗೆ ಬಸ್ಸಿನಲ್ಲಿದ್ದ ಜನ ಹಾರನ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಇಳಿದು ಬಂದು ಎರಡನೇ ಪಂಕ್ತಿಗೆ ಕೂತರು!

ಇಂಥ ಮಾವನ ಪಂಕ್ತಿಯಲ್ಲಿ ನನ್ನ ಪಾಲಿನ ಪರೀಕ್ಷೆಯೂ ಬಂತು.

ನಾನಾಗ ಶಿರಸಿಯಲ್ಲಿ ಎರಡನೇ ಪಿಯುಸಿ. ನನಗೆ ಹುಡುಗರೇ ಇಷ್ಟವಾಗುತ್ತಾರೆಂಬುದು ನನಗೆ ಗೊತ್ತಾಗಿ ಒಂದಷ್ಟು ಕಾಲವಾಗಿತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕ್ಲಾಸಿನ ಹುಡುಗರಿಗೆ ಮಾತ್ರ ಹೇಗೋ ವಾಸನೆ ಬಡಿದಿತ್ತು. ನಾನು ಒಳಗೆ ಕಾಲಿಟ್ಟರೆ ಸಾಕು, "ಬರ್ರಿ ಅಕ್ಕಾರ, ಬರ್ರಿ" ಎಂಬ ಸ್ವಾಗತ. ಬೆಂಚಿನ ಮೇಲೆ ಕುಂಕುಮ, ಬಳೆಚೂರು. ಆ ಹುಡುಗರಲ್ಲಿ ಕೆಲವರು ಮಾವನ ಟೈಪಿಂಗ್ ಕ್ಲಾಸಿಗೂ ಬರುತ್ತಿದ್ದರು. ಆಗಲೇ ಮಾವನ ಕ್ಲಾಸಿನಲ್ಲಿ ಬಿದ್ದಿದ್ದ ಪೇಪರಿನಲ್ಲೊಂದು ಸುದ್ದಿ ಓದಿದೆ. ಅಮೆರಿಕದಲ್ಲೆಲ್ಲೋ ಸಲಿಂಗಿ ಮಕ್ಕಳಿಗಾಗಿ ಬೇರೆಯದೇ ಶಾಲೆಯಂತೆ, ಬೇಕೋ ಬೇಡವೋ ಎಂದು ಅಲ್ಲಿ ದೊಡ್ಡ ಜಗಳವಂತೆ! ಜಗಳ ಹಾಳಾಗಲಿ, ನನಗೆ ಬಂದ ಮೊದಲ ಯೋಚನೆ, ಅಡ್ಮಿಷನ್ ಯಾವಾಗ? ಎರಡನೆಯದು, ಅಲ್ಲಿಗೆ ಶಿರಸಿಯಿಂದ ನೇರ ಬಸ್ಸಿದೆಯೋ, ಹುಬ್ಬಳ್ಳಿಯಲ್ಲಿ ಬದಲಾಯಿಸಬೇಕೋ? ಅಮೆರಿಕ ಸಿಗದಿದ್ದರೂ ಸರಿ, ಈ ಕಾಲೇಜಿಗಂತೂ ಇನ್ನು ಹೋಗುವುದಿಲ್ಲವೆಂದು ಆ ವಾರವೇ ನಿರ್ಧರಿಸಿಬಿಟ್ಟಿದ್ದೆ.

ಅದೇ ಭಾನುವಾರ ಸಿದ್ದಾಪುರದಲ್ಲಿ ನೆಂಟರ ಮನೆಯ ಉಪನಯನ. ಮಾವನ ಬಲಕ್ಕೆ ನಮ್ಮ ದೂರದ ನೆಂಟರಾದ ನಿವೃತ್ತ ಹೆಡ್ ಮಾಸ್ತರು. ಎಡಕ್ಕೆ, ಪಂಕ್ತಿಯ ತುದಿಯಲ್ಲಿ ನಾನು. ಸಾರಿನ ಹೊತ್ತಿಗೆ ಮಾಸ್ತರು ಪೇಪರಿನ ಅದೇ ಸುದ್ದಿ ತೆಗೆದರು.

"ಅಂಥವಕ್ಕೆ ಬೇರೆ ಶಾಲೆ ಮಾಡಿದ್ದೇ ಸರಿ. ನಮ್ಮ ಮಕ್ಕ ಹಾಳಾಗದಾದ್ರೂ ತಪ್ತು."

ಎದುರು ಸಾಲಿನಲ್ಲಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಣ್ಣನೊಬ್ಬ ಮೆಲ್ಲಗೆ, "ಹಂಗಲ್ಲ ಮಾಸ್ತರೇ, ಉಳಿದವ್ರ ಕಾಟ ತಪ್ಪಲಿ ಹೇಳಿ ಮಾಡಿದ್ದಡ. ಪಾಪ, ನೆಮ್ಮದಿಯಿಂದ ಓದ್ಕಳ್ಳಲಿ" ಎಂದ. ನನ್ನ ಮನಸ್ಸಿನ ಮಾತು!

ಮಾವ ತುತ್ತು ಇಳಿಸಿ, ಗಂಟಲು ಸರಿಮಾಡಿಕೊಂಡ. "ಕಾಟ ಕೊಡೋರು ಇಲ್ಲೇ ಇರವು, ಕಾಟ ತಿಂಬವ ಊರು ಬಿಡವು! ಇದೆಂತಾ ನ್ಯಾಯ ಮಾರಾಯಾ? ಬೇರೆ ಶಾಲೆ ಮಾಡದಾದ್ರೆ ಕಾಟ ಕೊಡೋರಿಗೆ ಮಾಡಿ. ನಮ್ಮ ಮಾಸ್ತರೇ ಅದಕ್ಕೆ ಹೆಡ್ ಮಾಸ್ತರಾಗ್ಲಿ!"

ಪಂಕ್ತಿ ಗೊಳ್ಳೆಂದಿತು. ಮಾಸ್ತರು ಕೆಂಪಾದರು. "ಅದೆಲ್ಲ ಆ ದೇಶದ್ದು. ನಮ್ಮ ಬದಿಗೆ ಅಂಥವು ಯಾರಿದ್ದ?"

"ಎಂತಕ್ಕೆ ಇಲ್ಲೆ? ಈ ಪಂಕ್ತಿಲೇ ಇದ್ರೂ ಇದ್ದಿಕ್ಕು" ಎಂದ ಮಾವ.

"ಇದ್ರೆ ಅಂವಂಗೆ ಬೇರೆ ಪಂಕ್ತಿ ಹಾಕವು!"

ಈ ಸಲ ಇನ್ನೂ ದೊಡ್ಡ ನಗು. ನನ್ನ ಕೈ ಎಲೆಯ ಮೇಲೇ ನಿಂತಿತು. ಎದ್ದು ಓಡೋಣವೆಂದರೆ ಇಡೀ ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡುತ್ತದೆ. ಕಲಸಿದ ಅನ್ನವನ್ನು ಬೆರಳಲ್ಲಿ ಆಚೀಚೆ ಸರಿಸುತ್ತ ಕೂತೆ. ಕಣ್ಣಲ್ಲಿ ನೀರು ಬಂದರೆ ಮಾವಿನಕಾಯಿಯ ಅಪ್ಪೆಹುಳಿಯ ಖಾರದ ಮೇಲೆ ಹಾಕಬಹುದೆಂದು ಒಂದು ಸುಳ್ಳನ್ನೂ ತಯಾರು ಮಾಡಿಟ್ಟುಕೊಂಡೆ.

ಅಷ್ಟರಲ್ಲಿ ಉಳಿದವರೆಲ್ಲರದೂ ಮಜ್ಜಿಗೆ ಅನ್ನ ಮುಗಿದಿತ್ತು. ಆಗ ಕೂಗಿದ ನೋಡಿ ನಮ್ಮ ಮಾವ: "ಇಲ್ಲಿಗೆ ಅನ್ನ ತಗಂಬಾ! ಸಾರೂ ಬರ್ಲಿ!"

ಮತ್ತೆ ಮೊದಲಿನಿಂದ! ಸಾರು, ಹುಳಿ, ಇನ್ನೊಂದು ಹೋಳಿಗೆ. ಪಂಕ್ತಿಯಲ್ಲಿ ನರಳಾಟ ಶುರುವಾಯಿತು. ಪಾಪ, ಹೆಡ್ ಮಾಸ್ತರಿಗೆ ವಯಸ್ಸಿಗೆ ತಕ್ಕ ಮೂತ್ರದ ತೊಂದರೆ ಬೇರೆ. ಈ ತೊಡೆಯಿಂದ ಆ ತೊಡೆಗೆ ಭಾರ ಬದಲಾಯಿಸುತ್ತ ಬೆವರತೊಡಗಿದರು.

"ಮುಗಸಾ ಮಾರಾಯಾ, ಎಂಗೆ ಅರ್ಜೆಂಟಿದ್ದು!"

"ಹಂಗರೆ ನಿಂಗ ಒಂದು ಬೇರೆ ಪಂಕ್ತಿ ಹಾಕಿಸ್ಕಳಿ ಮಾಸ್ತರೇ. ಬೇಕಾದಾಗ ಎದ್ಕಂಡು ಹೋಪಲೆ ಆಗ್ತು."

"ತಪ್ಪಾತು! ಯಾರಿಗೂ ಬೇರೆ ಪಂಕ್ತಿ ಬ್ಯಾಡ! ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಶಾಲೆ! ಒಂದ್ಸಲ ಏಳಾ ಪುಣ್ಯಾತ್ಮಾ!"

ಪ್ರಪಂಚದಲ್ಲಿ ಎಷ್ಟೋ ಚರ್ಚೆಗಳು ವರ್ಷಗಟ್ಟಲೆ ಮುಗಿಯುವುದಿಲ್ಲ. ಸಿದ್ದಾಪುರದಲ್ಲಿ ಒಬ್ಬರ ಮೂತ್ರಕೋಶ ಅದನ್ನು ಒಂದು ಊಟದಲ್ಲೇ ಇತ್ಯರ್ಥ ಮಾಡಿತು! ಆದರೂ ಮಾವ ಏಳಲಿಲ್ಲ. "ತಡೀರಿ, ತುದಿಲಿ ಒಬ್ಬಂದು ಇನ್ನೂ ಊಟ ಆಜಿಲ್ಲೆ" ಎಂದ.

ಆಗ ಮಾವನ ಎಲೆ ನೋಡಿದೆ. ಯಾವಾಗಲೋ ಖಾಲಿಯಾಗಿತ್ತು. ಬರಿದಾದ ಎಲೆಯ ಮೇಲೆ ಸುಮ್ಮನೆ ಬೆರಳಾಡಿಸುತ್ತ ಕೂತಿದ್ದ. ನನ್ನ ಮುಖ ನೋಡಲಿಲ್ಲ, ನನ್ನ ಎಲೆಯನ್ನಷ್ಟೇ ನೋಡುತ್ತಿದ್ದ. ನಾನು ಮಜ್ಜಿಗೆ ಕಲಸಿ ಉಂಡೆ, ಪೂರ್ತಿ ಉಂಡೆ. ಆಮೇಲೆ ಮಾವ ಎದ್ದ, ಎಲ್ಲರೂ ಎದ್ದರು, ಮಾಸ್ತರು ಓಡಿದರು. ಕೈತೊಳೆಯುವಲ್ಲಿ ಮಾವ, "ನಾಳೆ ಕಾಲೇಜಿಗೆ ಹೋಪಕ್ಕಾದ್ರೆ ಟೈಪಿಂಗ್ ಕ್ಲಾಸಿಗೆ ಬಾ, ಒಟ್ಟಿಗೇ ಹೋಪನ. ನಿಂಗಳ ಪ್ರಿನ್ಸಿಪಾಲರ ಹತ್ರ ಎಂಗೆ ಸ್ವಲ್ಪ ಮಾತಾಡದು ಇದ್ದು" ಎಂದಷ್ಟೇ ಹೇಳಿದ. ಪ್ರಿನ್ಸಿಪಾಲರ ಜತೆಯೂ ಎಷ್ಟು ಸಾವಕಾಶವಾಗಿ ಮಾತಾಡಿದನೆಂದರೆ, ಆತನನ್ನು ಹೇಗಾದರೂ ಸಾಗಹಾಕಲೆಂದೇ ಅವರು ನಮ್ಮ ಕ್ಲಾಸಿಗೆ ಬಂದು ಹುಡುಗರ ಕಿವಿ ಹಿಂಡಿದರು. ನಾನು ಕಾಲೇಜು ಬಿಡಲಿಲ್ಲ.

ವರ್ಷಗಳು ಕಳೆದವು. ನನಗೆ ಯಲ್ಲಾಪುರದಲ್ಲಿ ನೌಕರಿಯಾಯಿತು, ಜೊತೆಗೊಬ್ಬ ಹಾವೇರಿ ಕಡೆಯವನೂ ಸಿಕ್ಕಿದ. ಫೋನಿನಲ್ಲಿ ಮಾವನಿಗೆ ಬಿಡಿಸಿ ಹೇಳಿದೆ, ಅವನು ಬರೀ ಗೆಳೆಯನಲ್ಲ ಎಂದು. ಮಾವ, "ಅಂವ ಜೋರು ಉಣ್ತನ, ನಿಧಾನನ?" ಎಂದು ಕೇಳಿದ. ನಿಧಾನ ಅಂದೆ. "ಹಂಗರೆ ಕರ್ಕಂಡು ಬಾ."

ಅಷ್ಟರಲ್ಲಿ ಮಾವನಿಗೆ ಸಕ್ಕರೆ ಕಾಯಿಲೆ. ಅತ್ತೆ ಒಂದು ಸೌಟು ಅನ್ನಕ್ಕೆ ಇಳಿಸಿದ್ದಳು. ನಾವಿಬ್ಬರೂ ಹೋಗಿ ಊಟಕ್ಕೆ ಕೂತ ದಿನ, ಜೀವಮಾನದಲ್ಲಿ ಮೊದಲ ಸಲ ಮಾವನ ಊಟ ಎಲ್ಲರಿಗಿಂತ ಮುಂಚೆ ಮುಗಿಯಿತು. ನನ್ನ ಪಕ್ಕ ಕೂತ ಹಾವೇರಿಯವನು ಹೆದರಿಕೆಗೆ ಬೆವರುತ್ತ ಅನ್ನವನ್ನು ಕಲಸುತ್ತಲೇ ಇದ್ದ, ಬಾಯಿಗೆ ಇಡುತ್ತಿರಲಿಲ್ಲ. ಅತ್ತೆ, "ನಿಂಗ ಏಳಿ, ಮಾತ್ರೆ ತಗಳದು ಇದ್ದು" ಎಂದಳು.

ಮಾವ ಏಳಲಿಲ್ಲ. ಖಾಲಿ ಎಲೆಯ ಮೇಲೆ ಬೆರಳಾಡಿಸತೊಡಗಿದ. ನನಗೆ ಅಳು ತಡೆಯಲಾಗಲಿಲ್ಲ, ಯಾವ ಅಪ್ಪೆಹುಳಿಯ ನೆಪವನ್ನೂ ಹೇಳಲಿಲ್ಲ. ಮಾವ ಹಾವೇರಿಯವನ ಎಲೆಯತ್ತ ನೋಡಿ ಹೇಳಿದ:

"ಸಾವಕಾಶ ಆಗ್ಲಿ."